ಕಾಕಾನ ಗೋಲಿ, ಬೆಂಗಳೂರಿನ ನೆಲ

ಮೊನ್ನೆ ನಮ್ಮ ಮನೆಗೆ ಟೈಲ್ಸ್ ಹಾಕುವವನು ಅಳತೆಗೆಂದು ಬಂದಿದ್ದ. ಏಪ್ರಿಲ್ ತಿಂಗಳ ಮಧ್ಯಾಹ್ನ. ಮುದ್ದೇಬಿಹಾಳದ ಬಿಸಿಲು ಹೊಸ್ತಿಲು ದಾಟಿ ಪಡಸಾಲೆಯೊಳಗೇ ಬಂದು ಕೂತಿತ್ತು. ಅವನು ಟೇಪು ಹಿಡಿದು ಅತ್ತಿತ್ತ ಓಡಾಡಿದ, ಒಂದು ಕಣ್ಣು ಮುಚ್ಚಿ ನೆಲವನ್ನು ನೋಡಿದ, ಕೊನೆಗೆ ಒಂದು ತಂಬಿಗೆ ನೀರು ಬೇಡಿ ನೆಲಕ್ಕೆ ಹಾಸಿದ ಫರಸಿ ಕಲ್ಲಿನ ಮೇಲೆ ಸುರುವಿದ. ಕಾದ ಫರಸಿ ನೀರು ಕುಡಿಯುವಾಗ ಒಂದು ವಾಸನೆ ಏಳುತ್ತದೆ. ನೀವು ನಮ್ಮ ಕಡೆಯವರಾದರೆ ಅದನ್ನು ವಿವರಿಸಬೇಕಾಗಿಲ್ಲ; ಬೇರೆ ಕಡೆಯವರಾದರೆ ವಿವರಿಸಿ ಉಪಯೋಗವಿಲ್ಲ.

"ಸರ, ಈ ನೆಲಕ್ಕ ವಾಟ ಐತ್ರಿ," ಎಂದ, ಮನೆಯಲ್ಲಿ ಯಾರಿಗೋ ಇರುವ ರೋಗ ಪತ್ತೆ ಹಚ್ಚಿದ ಡಾಕ್ಟರನ ಹಾಗೆ. "ಎಲ್ಲಾ ಕಿತ್ತು ಸಪಾಟ ಮಾಡಿ ಟೈಲ್ಸ್ ಹಾಕಬೇಕಾಗತೈತಿ."

ವಾಟ ಎಂದರೆ ನೀರು ತಾನಾಗಿ ಹರಿದುಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರು. ಅವನು ಸುರುವಿದ ನೀರು ಅಷ್ಟರಲ್ಲಿ ಮೂಲೆಯಲ್ಲಿರುವ ನನ್ನ ಪುಸ್ತಕದ ಕಪಾಟಿನ ಕಾಲಿಗೆ ಹೋಗಿ ನಿಂತಿತ್ತು. ನನ್ನ ಹೆಂಡತಿ ಸುನಂದಾ ಅಡುಗೆಮನೆಯಿಂದ ಅರಿವೆ ತಂದು, ಬಗ್ಗಿ ಒರೆಸಿ, ಹಿಂಡಿಕೊಂಡು ಹೋದಳು. ಟೈಲ್ಸ್ ಬೇಕೆಂದು ಎರಡು ವರ್ಷದಿಂದ ಹಟ ಹಿಡಿದವಳು ಅವಳೇ. ನನಗಾದರೋ ವಾಟ ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆ ಉಬ್ಬಿತು. "ಇದು ನಮ್ಮ ಕಾಕಾ ಹಾಸಿದ ನೆಲ, ಗೊತ್ತೇನು?" ಎಂದೆ. ಅವನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಚಹಾ ಕುಡಿದು, ಸೋಮವಾರ ಬರುತ್ತೇನೆಂದು ಹೇಳಿ ಹೋದ. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಕೂಡಿರಿ.

ಬಸಲಿಂಗಪ್ಪ ಕಾಕಾ ನನ್ನ ತಂದೆಯ ತಮ್ಮ. ತಾಳಿಕೋಟೆಯ ರಸ್ತೆಯ ಬದಿಗೆ ಫರಸಿ ಕಲ್ಲು ಮಾರುತ್ತಿದ್ದ. ಕಲ್ಲು ಮಾರುವವರು ನಮ್ಮಲ್ಲಿ ಬೇಕಾದಷ್ಟು ಜನ; ಅದನ್ನು ಹಾಸಲು ಬಲ್ಲವರು ಕಡಿಮೆ. ಕಾಕಾ ಎರಡನ್ನೂ ಬಲ್ಲ. ಅವನ ಅಂಗಿಯ ಕಿಸೆಯಲ್ಲಿ ಸದಾ ಒಂದು ಹಸಿರು ಗಾಜಿನ ಗೋಲಿ ಇರುತ್ತಿತ್ತು. ಯಾರ ಮನೆಗೆ ಹೋದರೂ ಅವರು ನೀರು ಕೊಡುವುದರೊಳಗೆ ಇವನು ಗೋಲಿಯನ್ನು ನೆಲಕ್ಕೆ ಬಿಟ್ಟಿರುತ್ತಿದ್ದ. ಅದು ಉರುಳುತ್ತ ಗೋಡೆಯ ಬುಡದಲ್ಲಿ ನೀರು ಹೊರಹೋಗುವ ತೂತಿನ ಕಡೆ ನಡೆದರೆ ಆ ಮನೆಯವರು ಒಳ್ಳೆಯವರು. ನಡುವೆ ನಿಂತುಬಿಟ್ಟರೆ ಅವರ ಕುಲ, ಗೋತ್ರ, ಹೊಲ, ಮನೆ ಯಾವುದರ ಮೇಲೂ ಅವನಿಗೆ ಭರವಸೆ ಇರುತ್ತಿರಲಿಲ್ಲ. ನನ್ನ ಅಣ್ಣನಿಗೆ ಹೆಣ್ಣು ನೋಡಲು ಇಂಡಿಗೆ ಹೋದಾಗ ಹುಡುಗಿ ಉಪ್ಪಿಟ್ಟಿನ ತಾಟು ಹಿಡಿದು ಹೊರಗೆ ಬಂದರೆ, ಹಿರಿಯನೆಂದು ಹೋದ ಕಾಕಾ ಮಂಚದ ಕೆಳಗೆ ತಲೆ ಹಾಕಿ ಗೋಲಿ ಹುಡುಕುತ್ತಿದ್ದ. ಹುಡುಗಿ ಹೇಗಿದ್ದಾಳೆ ಎಂದು ಅವ್ವ ಕೇಳಿದ್ದಕ್ಕೆ "ನೆಲಾ ಭಾಳ ಚಲೋ ಐತಿ" ಎಂದ. ಆ ಸಂಬಂಧ ಕೂಡಿಬಂತು, ಇಂದಿಗೂ ಸುಖವಾಗಿದ್ದಾರೆ. ಹೀಗಾಗಿ ಗೋಲಿಯನ್ನು ಹಗುರಾಗಿ ಕಾಣುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ಕಾಕಾನಿಗೆ ಒಂದೇ ಒಂದು ಹೆಮ್ಮೆ. ಸಿಂದಗಿಯಿಂದ ಬಸವನ ಬಾಗೇವಾಡಿಯವರೆಗೆ ಎಷ್ಟೋ ಮನೆಗಳಲ್ಲಿ ಅವನು ನೆಲ ಹಾಸಿದ್ದ, ಆದರೆ ಹಾಸಿದ ಕಲ್ಲನ್ನು ಒಮ್ಮೆಯೂ ಮರಳಿ ಎತ್ತಿರಲಿಲ್ಲ. "ಕಲ್ಲಿಗೆ ಒಂದ ಸಲ ಜಾಗಾ ತೋರಸ್ಬೇಕು, ತಮ್ಮಾ. ಎರಡನೇ ಸಲ ಎಬ್ಬಿಸಿದ್ರ ಅದಕ್ಕ ನಮ್ಮ ಮ್ಯಾಲಿನ ನಂಬಿಗಿ ಹೋಗತೈತಿ," ಎನ್ನುತ್ತಿದ್ದ. ಕೆಲಸದ ವಿಷಯದಲ್ಲಿ ಅವನ ಮರ್ಯಾದೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿತ್ತು. ಆ ಮಾತಿಗೆ ಕುತ್ತು ಬಂದದ್ದು ಬೆಂಗಳೂರಿನಲ್ಲಿ.

ಅಲ್ಲಿನ ವಸುಧಾ ಎಂಬ ಮೇಡಂ ಒಬ್ಬರು ಬಸವನ ಬಾಗೇವಾಡಿಗೆ ಯಾರದೋ ಮದುವೆಗೆ ಬಂದಿದ್ದರಂತೆ. ಇಳಿದುಕೊಂಡ ಮನೆಯ ಫರಸಿಯ ಮೇಲೆ ಬರಿಗಾಲಲ್ಲಿ ಓಡಾಡಿ, ಇದನ್ನು ಹಾಸಿದವರು ಯಾರು ಎಂದು ಕೇಳಿ, ಕಾಕಾನಿಗೆ ಕಾಗದ ಬರೆದರು. ತಮ್ಮ ತಂದೆಯ ಹಳೆಯ ಬಂಗಲೆಯನ್ನು ಕಾಫಿ ಅಂಗಡಿ ಮಾಡುತ್ತಿದ್ದೇನೆ, ಇದೇ ಥರದ ನೆಲ ಬೇಕು, ನೀವೇ ಬಂದು ಹಾಸಬೇಕು ಎಂದು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಮ್ಮೂರಿನ ಜನ ಆಗ ಫರಸಿ ಕಿತ್ತು ಹೊಳೆಯುವ ಟೈಲ್ಸ್ ಹಾಕಿಸುವ ಗಡಿಬಿಡಿಯಲ್ಲಿದ್ದರು. ಅಂಥ ಹೊತ್ತಿನಲ್ಲಿ ಬೆಂಗಳೂರು ಕರೆದರೆ ಕಾಕಾ ಬಿಡುತ್ತಾನೆಯೇ? ಕಲ್ಲು ಲಾರಿಯಲ್ಲಿ ಮುಂದೆ ಹೋಯಿತು. ಕಾಕಾ, ಇಬ್ಬರು ಆಳು ಮತ್ತು ನಾನು ಬಸ್ಸಿನಲ್ಲಿ ಹಿಂದೆ ಹೋದೆವು.

ನಾನು ಯಾಕೆ ಎಂದರೆ, ಇಂಗ್ಲಿಷ್ ಮಾತಾಡಲು. ನಾನು ಆಗ ತಾನೇ ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದೆ. ಇಂಗ್ಲಿಷ್ ನನ್ನ ವಿಷಯ. ಬಸ್ಸಿನಲ್ಲಿ ನಾಲ್ಕೈದು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಮೇಡಂ ಗೇಟಿನ ಬಳಿ ನಿಂತಿದ್ದರು. ನಾನು ಮೊದಲನೆಯ ವಾಕ್ಯವನ್ನು ಅರ್ಧ ಹೇಳುವಷ್ಟರಲ್ಲಿ ಅವರು "ಬನ್ನಿ ಬನ್ನಿ, ತಿಂಡಿ ಆಯ್ತಾ?" ಎಂದುಬಿಟ್ಟರು. ಉಳಿದ ವಾಕ್ಯಗಳು ಇಂದಿಗೂ ನನ್ನ ಹತ್ತಿರವೇ ಇವೆ. ಅಲ್ಲಿಂದ ಮುಂದೆ ನನ್ನ ಕೆಲಸ ಮರಳು ಜರಡಿ ಹಿಡಿಯುವುದು.

ಆ ರಸ್ತೆಯನ್ನು ನೀವು ನೋಡಬೇಕಿತ್ತು. ಎರಡೂ ಬದಿಗೆ ದೊಡ್ಡ ಮರ, ಮರದ ಹಿಂದೆ ಹಳೆಯ ಬಂಗಲೆ, ಪ್ರತಿ ಬಂಗಲೆಯೂ ಯಾವುದೋ ಅಂಗಡಿಯಾಗುವ ಹುರುಪಿನಲ್ಲಿತ್ತು. ಒಂದರಲ್ಲಿ ಮಣ್ಣಿನ ಮಡಕೆ ಮಾರುತ್ತಿದ್ದರು. ಅದರಲ್ಲಿ ನೀರು ತುಂಬಬಾರದು, ಬರೇ ನೋಡಬೇಕು. ಇನ್ನೊಂದರಲ್ಲಿ ಚಕ್ಕಡಿಯ ಗಾಲಿಯನ್ನು ಗೋಡೆಗೆ ಹೊಡೆದಿದ್ದರು. ಎದುರಿನ ಕಾಫಿ ಅಂಗಡಿಯಲ್ಲಿ ಇಟ್ಟಂಗಿ ಕಾಣುವಂತೆ ಗೋಡೆ ಬಿಟ್ಟಿದ್ದರು, ಬಲ್ಬುಗಳು ಬರೀ ವೈರಿಗೆ ಜೋತುಬಿದ್ದಿದ್ದವು, ತಿಂಡಿಯ ಹೆಸರುಗಳನ್ನು ಸಾಲಿಯ ಪಾಟಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಕಾಕಾ ಬಹಳ ಹೊತ್ತು ನಿಂತು ನೋಡಿದ.

"ಪಾಪ, ಇವರು ನಡುವ ನಿಲ್ಲಿಸ್ಯಾರಲ್ಲೋ," ಎಂದ. "ಇಟ್ಟಂಗಿ ಮುಚ್ಚಾಕ ಸಿಮೆಂಟ್ ಸಾಲಲಿಲ್ಲ ಕಾಣತೈತಿ."

"ಅದು ಫ್ಯಾಶನ್, ಕಾಕಾ."

"ಏನ ಫ್ಯಾಶನ್? ಗೋಡಿಗಿ ಅಂಗಿ ಹಾಕಲಾರದ್ದು?"

ಆದರೂ ಆ ರಸ್ತೆ ಅವನಿಗೆ ಇಷ್ಟವಾಯಿತು, ನನಗೂ ಆಯಿತು. ಯಾರೂ ಅವಸರದಲ್ಲಿರಲಿಲ್ಲ. ಚಂದದ ಬಟ್ಟೆ ತೊಟ್ಟ ಹುಡುಗ ಹುಡುಗಿಯರು ಒಂದು ಕಪ್ಪು ಕಾಫಿ ಮುಂದಿಟ್ಟುಕೊಂಡು ಎರಡು ತಾಸು ಕೂಡುತ್ತಿದ್ದರು. ನಮ್ಮೂರ ಕಟ್ಟೆಯ ಮೇಲೆ ಕಾಫಿ ಇಲ್ಲದೆ ನಡೆಯುವ ಕೆಲಸ ಅಲ್ಲಿ ಕಾಫಿಯೊಂದಿಗೆ ನಡೆಯುತ್ತಿತ್ತು ಅಷ್ಟೆ. ಒರಟು ಕಲ್ಲೇ ಬೇಕು, ಪಾಲಿಶ್ ಬೇಡ ಎಂದು ಮೇಡಂ ಹೇಳಿದಾಗ ಕಾಕಾ ಸ್ವಲ್ಪ ಕಸಿವಿಸಿಪಟ್ಟ. ಮುಖ ತೊಳೆಯದ ಮದುಮಗಳನ್ನು ಹಸೆಯ ಮೇಲೆ ಕೂಡಿಸಿದಂತೆ ಆಗುತ್ತದೆ ಎಂದು ನನ್ನೆದುರು ಗೊಣಗಿದ, ಆಮೇಲೆ ಒಪ್ಪಿದ. ಬಂಗಲೆಯ ಹಿಂದಿನ ಕೋಣೆಯಲ್ಲಿ ಉಳಿದುಕೊಂಡು ಎಂಟು ದಿನ ಕೆಲಸ ಮಾಡಿದೆವು. ಅಲ್ಲಿ ಮರಳು ಹೊರಲು ಶಾಂತವ್ವ ಎಂಬ ಹೆಣ್ಣುಮಗಳಿದ್ದಳು. ಸಿಂದಗಿ ತಾಲೂಕಿನ ಯಂಕಂಚಿಯವಳು. ಅಂಗಡಿ ಸುರುವಾದ ಮೇಲೆ ಕಸ, ನೆಲ ನೋಡಿಕೊಳ್ಳಲು ಮೇಡಂ ಅವಳನ್ನೇ ಇಟ್ಟುಕೊಳ್ಳುವವರಿದ್ದರು. ನಮ್ಮ ಮಾತು ಕಿವಿಗೆ ಬಿದ್ದ ಮೊದಲ ದಿನವೇ ಅವಳು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಹಂಚಿದ್ದಳು.

ಎಂಟನೆಯ ದಿನ ನೆಲ ಮುಗಿಯಿತು. ಒಂಬತ್ತನೆಯ ದಿನ ಬಡಿಗ ಬಂದು ತಾನು ಮಾಡಿ ತಂದ ಉದ್ದನೆಯ ಗಾಜಿನ ಶೋಕೇಸನ್ನು ಗೋಡೆಗೆ ನಿಲ್ಲಿಸಿದ. ಒಂದು ತುದಿ ನೆಲಕ್ಕೆ ಕೂತಿತು. ಇನ್ನೊಂದು ತುದಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಂದು. ನೆಲ ಸರಿಯಿಲ್ಲ ಎಂದ ಬಡಿಗ.

"ಕುಣಿಯಾಕ ಬರಲಾರದಾಕಿ ನೆಲಾ ಡೊಂಕು ಅಂದಳಂತ," ಎಂದು ಕಾಕಾ ನಕ್ಕ.

ಅಳತೆ ಬರೆದುಕೊಳ್ಳುತ್ತಿದ್ದ ಮೇಡಂ ಕೈಯಿಂದ ಆಗ ಪೆನ್ನು ಜಾರಿ ಬಿತ್ತು. ಬಿದ್ದದ್ದು ಅಲ್ಲಿಯೇ ಇರಲಿಲ್ಲ. ನಿಧಾನವಾಗಿ ಉರುಳುತ್ತ, ಪಡಸಾಲೆಯ ಉದ್ದಕ್ಕೂ ನಡೆದು, ಬಲಗಡೆಯ ಮೂಲೆಗೆ ಹೋಗಿ ನಿಂತಿತು. ಹಿಂದೆ ಯಾವುದೋ ಪೈಪು ಹಾದುಹೋಗಿದ್ದ ತೂತೊಂದು ಆ ಮೂಲೆಯ ಗೋಡೆಯ ಬುಡದಲ್ಲಿತ್ತು. ಕಾಕಾ ಅದನ್ನು ಮುಚ್ಚದೆ, ಅಂಚು ತೀಡಿ ಚಂದ ಮಾಡಿಟ್ಟಿದ್ದ. ನಾವು ಎಲ್ಲರೂ ಪೆನ್ನನ್ನೇ ನೋಡುತ್ತ ನಿಂತೆವು. ಕಾಕಾನ ಮುಖದಲ್ಲಿ ಮಾತ್ರ ಸಂತೋಷ. ಅವನ ಪ್ರಕಾರ ಆ ಮನೆ ಈಗ ಪರೀಕ್ಷೆಯಲ್ಲಿ ಪಾಸಾಗಿತ್ತು.

"ಯಜಮಾನ್ರೇ, ನೆಲ ಇಳಿಜಾರಾಗಿದೆಯಲ್ಲ," ಎಂದರು ಮೇಡಂ.

"ಹೌದ್ರಿ, ವಾಟ ಕೊಟ್ಟೇನಿ. ನೀವು ಬಾಗೇವಾಡ್ಯಾಗ ನೋಡಿದ ನೆಲಕ್ಕೂ ಐತ್ರಿ. ಅದಕ್ಕ ಅದು ನಿಮಗ ಚಲೋ ಕಂಡದ್ದು."

"ಅಲ್ಲಿ ಶೋಕೇಸ್ ಇರಲಿಲ್ಲ."

ಕಾಕಾ ಆಳನ್ನು ಕರೆದ. ಒಂದು ಕೊಡ ನೀರು ತರಿಸಿ ಬಾಗಿಲ ಹತ್ತಿರ ಸುರುವಿದ. ನೀರು ತೆಳ್ಳಗೆ ಹರಡಿತು, ಬೂದು ಕಲ್ಲು ಕಡುನೀಲಿಯಾಯಿತು, ಆ ವಾಸನೆ ಎದ್ದು ಬಂಗಲೆಯೆಲ್ಲ ತುಂಬಿತು. ಯಾರೂ ಮುಟ್ಟದೆ, ಯಾರೂ ದೂಡದೆ ಅಷ್ಟೂ ನೀರು ಆ ತೂತಿನಿಂದ ಹೊರಗೆ ಹೋಗಿ ದಾಸವಾಳದ ಬುಡ ಸೇರಿತು. ಮೇಡಂ ಕೊನೆಯ ಹನಿಯವರೆಗೂ ನೋಡಿದರು. ಅವರು ಕೆಟ್ಟವರಲ್ಲ, ರಸಿಕರೇ. ನಿಟ್ಟುಸಿರು ಬಿಟ್ಟು ಹೇಳಿದರು: "ತುಂಬಾ ಚೆನ್ನಾಗಿದೆ, ಯಜಮಾನ್ರೇ. ಆದ್ರೆ ಇಲ್ಲಿ ಯಾರೂ ನೀರು ಹಾಕಿ ತೊಳೆಯಲ್ಲ. ಒರೆಸ್ತಾರೆ ಅಷ್ಟೇ. ದಯವಿಟ್ಟು ಎತ್ತಿ ಸಮ ಮಾಡಿಕೊಡಿ. ಕೆಳಗೆ ಏನು ಬಿದ್ರೂ ಇದ್ದಲ್ಲೇ ನಿಲ್ಲಬೇಕು."

ಕಾಕಾ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ನಾನು ಹೋಗಿ ಪಕ್ಕಕ್ಕೆ ಕೂತೆ. ಅವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. ಕೋಪ ಬಂದದ್ದು ನನಗೆ. ಕಲ್ಲು ಅವರಿಗೇ ಬಿಟ್ಟು ಊರಿಗೆ ಹೋಗೋಣ ಎಂದೆ. ಆಮೇಲೆ, ಇಪ್ಪತ್ನಾಲ್ಕು ವರ್ಷದ ಜಾಣತನದಲ್ಲಿ, "ಆಕಿ ಕೇಳಲಾರದ ವಾಟ ಯಾಕ ಕೊಟ್ಟಿ ಕಾಕಾ?" ಎಂದೂ ಕೇಳಿದೆ.

"ನಿಮ್ಮ ಆಯಿ ನೆನಪದಾಳೇನು?" ಎಂದ.

ಆಯಿ ಎಂದರೆ ನನ್ನ ತಂದೆಯ ತಾಯಿ. ನೆನಪಿದ್ದಳು. ನಾನು ಕಂಡಾಗಿನಿಂದ ಅವಳ ಬೆನ್ನು ನೆಲಕ್ಕೆ ಸಮನಾಗಿತ್ತು. ಮುದುಕಿಯರು ಇರುವುದೇ ಹಾಗೆ ಎಂದು ನಾನು ತಿಳಿದಿದ್ದೆ.

"ಆಕಿ ನಡಾ ಮುರದದ್ದು ನೆಲದಿಂದ, ತಮ್ಮಾ. ನಮ್ಮ ಹಳೇ ಮನ್ಯಾಗ, ಓಣ್ಯಾಗ ಮೊದಲ ಫರಸಿ ನಮ್ಮದು ಅಂತ ನಮ್ಮಪ್ಪ ಮೀಸಿ ತಿರುವಿದ. ಹಾಸಿದ ಗೌಂಡಿ ವಾಟ ಕೊಡಲಿಲ್ಲ. ಅವ್ವ ದಿನಾ ನೀರ ಹಾಕಾಕಿ, ನೀರ ಹೋಗಲಾರದ ನಿಂದರೂದು, ಆಕಿ ಬಗ್ಗಿ ಅರಿವಿಲೆ ಬಳದ ಬಳದ ಹಾಕಾಕಿ. ಹಂಗ ಬಗ್ಗಿದಾಕಿ ಮುಂದ ಎದ್ದ ನಿಲ್ಲಲೇ ಇಲ್ಲ." ಮೆಟ್ಟಿಲ ಕಲ್ಲನ್ನು ಅಂಗೈಯಿಂದ ಸವರಿದ. "ಅವತ್ತಿಂದ ನಾ ವಾಟ ಇಲ್ಲದ ನೆಲಾ ಹಾಸಿಲ್ಲ. ಕೇಳಿದ್ರೂ ಹಾಸಿಲ್ಲ, ಕೇಳಲಿಲ್ಲಂದ್ರೂ ಹಾಸಿಲ್ಲ."

ಬುಟ್ಟಿ ಹಿಡಿದು ಅಲ್ಲಿಯೇ ನಿಂತಿದ್ದ ಶಾಂತವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಇಲ್ಲಿ ನೆಲಾ ಒರಸಾಕಿ ನಾನ ಅದೇನಿ, ಅಣ್ಣಾರ," ಎಂದಳು. "ನೀರ ಹಾಕೂದು ಬ್ಯಾಡ ಅಂತ ಅವರ ಅಂದ್ರು. ಕಾಫಿ ಚಲ್ಲಿದ ಜಿಗಟು ಒಣಾ ಅರಿವಿಗಿ ಹೋಗತೈತೇನ್ರಿ? ನಾ ನೀರ ಹಾಕಾಕಿನ. ನನ್ನ ಯಾರೂ ಕೇಳಲಿಲ್ಲ."

ಕಾಕಾ ಅವಳ ಕಡೆ ನೋಡಿದ. ಆಮೇಲೆ ಎದ್ದು, ಧೋತರ ಕೊಡವಿ, ಒಳಗೆ ಹೋಗಿ ಮೇಡಂಗೆ ಹೇಳಿದ: "ಎತ್ತತೇನ್ರಿ. ಆರು ದಿವಸ ಕೊಡ್ರಿ. ಆರು ದಿನದ ಮ್ಯಾಲ ಈ ಗೋಲಿ ಬಿಡ್ರಿ. ಅದು ನಿಂತ್ರ ನಾವು ಊರಿಗಿ ಹೋಗತೇವಿ." ಕಿಸೆಯಿಂದ ಹಸಿರು ಗೋಲಿ ತೆಗೆದು ಅವರ ಅಂಗೈಯಲ್ಲಿಟ್ಟ.

ಹಾಸಿದ ಮೊದಲನೆಯ ಕಲ್ಲಿನ ಸಂದಿಗೆ ಹಾರೆ ಹಾಕಿದಾಗ ಅವನು ಕಣ್ಣು ಮುಚ್ಚಿಕೊಂಡದ್ದನ್ನು ನಾನು ಕಂಡೆ. ಆಮೇಲೆ ಮುಚ್ಚಲಿಲ್ಲ. ಕಲ್ಲುಗಳಿಗೆ ಸೀಮೆಸುಣ್ಣದಿಂದ ನಂಬರು ಬರೆಸಿದ, ಒಂದೊಂದನ್ನೇ ಹೊರಗೆ ಸಾಲಾಗಿ ಇಡಿಸಿದ. ಮರಳಿ ಹಾಸುವಾಗ ಗೋಲಿ ಇರಲಿಲ್ಲ. ಊಟದ ತಾಟಿನಲ್ಲಿ ತೆಳ್ಳಗೆ ನೀರು ಹಾಕಿ ಕಲ್ಲಿನ ಮೇಲಿಟ್ಟು, ನೀರು ಯಾವ ಅಂಚಿಗೆ ಎಷ್ಟು ಸರಿಯುತ್ತದೆಂದು ನೆಲಕ್ಕೆ ಗದ್ದ ಹಚ್ಚಿ ನೋಡುತ್ತಿದ್ದ. ಒಂದು ಕಲ್ಲಿಗೆ ಒಂದು ತಾಸು ಹಿಡಿದ ದಿನವೂ ಉಂಟು. ಸಮ ಮಾಡಲು ಇಷ್ಟು ಕಷ್ಟವೇ ಎಂದು ನನಗೆ ಅನುಮಾನ ಬಂತು, ಕೇಳಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಮೇಡಂ ಪಡಸಾಲೆಯ ನಡುವೆ ಗೋಲಿ ಇಟ್ಟರು. ನಿಂತಿತು. ಬಾಗಿಲ ಹತ್ತಿರ ಇಟ್ಟರು, ನಿಂತಿತು. ಬಡಿಗ ಶೋಕೇಸ್ ನಿಲ್ಲಿಸಿ ಸಂದಿಯಲ್ಲಿ ಪೋಸ್ಟ್ ಕಾರ್ಡು ತೂರಿಸಲು ನೋಡಿದ. ತೂರಿತು, ಆದರೆ ಪೋಸ್ಟ್ ಕಾರ್ಡಿನಷ್ಟು ಸಂದಿಗೆ ಯಾರೂ ಜಗಳ ಆಡುವುದಿಲ್ಲ. ಮೇಡಂ ಗೋಲಿಯನ್ನು ಮರಳಿ ಕೊಟ್ಟು, ಕಾಕಾನಿಗೆ ಎರಡೂ ಕೈ ಜೋಡಿಸಿದರು.

ಅವರು ಕಾರು ಹತ್ತಿ ಹೋದ ಮೇಲೆ ಕಾಕಾ ಶಾಂತವ್ವನನ್ನು ಕರೆದ. "ಯವ್ವಾ, ಈಗ ಒಂದು ಕೊಡಾ ಹಾಕು."

ಅವಳು ಹಾಕಿದಳು. ನೀರು ಹರಡಿತು, ನಿಂತಿತು. ನೀರು ಸ್ವಲ್ಪ ಹೊತ್ತು ಯೋಚನೆ ಮಾಡಿದಂತೆ ಕಂಡಿತು. ಆಮೇಲೆ ಬಹಳ ನಿಧಾನವಾಗಿ, ಬಸುರಿ ಹೆಂಗಸು ಎದ್ದು ನಡೆದಂತೆ, ಬಲಗಡೆಯ ಮೂಲೆಗೆ ಹೊರಟಿತು. ಅಲ್ಲಿ ಮೇಡಂ ಇಡಿಸಿದ್ದ ಹೂಕುಂಡದ ಹಿಂದೆ ತೂತು ಹಾಗೆಯೇ ಇತ್ತು.

"ಗೋಲಿಗಿಂತ ನೀರ ಶಾಣ್ಯಾ, ತಮ್ಮಾ," ಎಂದ ಕಾಕಾ. "ಗೋಲಿ ಒರಟು ಕಲ್ಲಿಗಿ ಸಿಕ್ಕು ನಿಂದರತೈತಿ. ನೀರ ದಾರಿ ಹುಡಕತೈತಿ."

ಇದು ಮೋಸ ಅಲ್ಲವೇ ಎಂದು ಬಸ್ಸಿನಲ್ಲಿ ಕೇಳಿದೆ. ಆಕೆ ಕೇಳಿದ್ದು ಬಿದ್ದದ್ದು ಇದ್ದಲ್ಲಿ ನಿಲ್ಲಬೇಕೆಂದು, ನಿಂತಿದೆ. ನೆಲ ತೊಳೆಯುವಾಕೆ ಕೇಳಿದ್ದು ನೀರು ಹೋಗಬೇಕೆಂದು, ಹೋಗಿದೆ. ಇದರಲ್ಲಿ ಮೋಸ ಎಲ್ಲಿ ಬಂತು ಎಂದು ಹೇಳಿ ಅವನು ನಿದ್ದೆ ಹೋದ. ಎತ್ತಿದ ಕಲ್ಲಿನ ಮಾತನ್ನು ಮುಂದೆ ಅವನೇ ಎಲ್ಲರಿಗೂ ಹೇಳುತ್ತಿದ್ದ, ಹಾಸಿದ್ದಕ್ಕಿಂತ ಹೆಚ್ಚಿನ ಹೆಮ್ಮೆಯಿಂದ.

ಕಾಕಾ ತೀರಿ ಏಳು ವರ್ಷವಾಯಿತು. ಗೋಲಿ ನನ್ನ ಮೇಜಿನ ಮೇಲಿದೆ. ಇದಿಷ್ಟನ್ನೂ ನಾನು ಮೊನ್ನೆ ಟೈಲ್ಸಿನವನು ಹೋದ ಮೇಲೆ ಸುನಂದಾಳಿಗೆ ಹೇಳಿದೆ, ಕೈ ಬೀಸಿ, ಆಯಿಯ ಬೆನ್ನಿನ ಹತ್ತಿರ ಬಂದಾಗ ಬಗ್ಗಿ ತೋರಿಸಿ. ಇಂಥ ನೆಲವನ್ನು ಕೀಳುವುದೇ ಎಂಬುದು ನನ್ನ ಕೊನೆಯ ಮಾತು. ಅವಳು ಮೊಣಕಾಲು ನೀವಿಕೊಳ್ಳುತ್ತ ಪೂರ್ತಿ ಕೇಳಿದಳು.

"ಕಥಿ ಚಲೋ ಐತ್ರಿ," ಎಂದಳು. "ಆರು ವರ್ಷ ಆತು, ಈ ನೆಲಕ್ಕ ನೀರ ಹಾಕಾಕಿ ನಾನು. ನೀವು ಒಂದ ಸಲರೆ ಹಾಕೀರೇನು?"

ಹಾಕಿರಲಿಲ್ಲ. ವಾಟದ ಬಗ್ಗೆ ಇಷ್ಟು ಮಾತಾಡಬಲ್ಲ ನಾನು ನನ್ನ ಜನ್ಮದಲ್ಲಿ ಒಂದು ತಂಬಿಗೆ ನೀರನ್ನೂ ನೆಲಕ್ಕೆ ಹಾಕಿರಲಿಲ್ಲ. ಆ ವಾಸನೆ ನನಗೆ ಯಾವಾಗಲೂ ಕುರ್ಚಿಯ ಮೇಲೆ ಕೂತಲ್ಲಿಗೇ ಬಂದಿತ್ತು. ಮೊದಲು ಅವ್ವ ಹಾಕುತ್ತಿದ್ದಳು. ನನ್ನ ಮದುವೆಯಾದ ಮೇಲೆ ಅವಳು ಇಂಡಿಯಲ್ಲೇ ನೆಲೆಸಿದ್ದ ಅಣ್ಣನ ಮನೆಗೆ ಹೋದಳು, ಆಮೇಲೆ ಸುನಂದಾ.

ಭಾನುವಾರ ಬೆಳಿಗ್ಗೆ ಧೋತರ ಮೇಲೆ ಕಟ್ಟಿ ಒಂದು ಕೊಡ ನೀರು ತಂದು ಬಾಗಿಲಿಂದ ಸುರುವಿದೆ. ನೀರು ಹೊರಟಿತು, ಕಾಕಾ ಹೇಳಿದ ದಾರಿಯಲ್ಲಿಯೇ. ಪುಸ್ತಕದ ಕಪಾಟಿನ ಕಾಲಿಗೆ ಬಂದು ನಿಂತಿತು. ನಾನು ಕಾಯ್ದೆ. ನೀರೂ ಕಾಯುತ್ತ ನಿಂತಿತು. ಅರಿವೆ ಹಿಡಿದು ಬಗ್ಗಿ ಬಳಿಯತೊಡಗಿದೆ. ನಾಲ್ಕನೆಯ ಸಲ ಅರಿವೆ ಹಿಂಡುವಾಗ ನಡ ಹಿಡಿಯಿತು, ಎಂಟನೆಯ ಸಲ ನನಗೆ ಎಲ್ಲ ನೆನಪಾಯಿತು. ನೌಕರಿ ಸಿಕ್ಕ ಹೊಸದರಲ್ಲಿ, ಮದುವೆಗೆ ತಿಂಗಳಿದೆ ಎನ್ನುವಾಗ, ಈ ಕಪಾಟು ಮಾಡಿಸಿ ಆ ಮೂಲೆಯಲ್ಲಿ ಇಟ್ಟವನು ನಾನು. ಇಲಿ ಬಂದು ಪುಸ್ತಕ ತಿಂದೀತೆಂದು ಗೋಡೆಯ ತೂತಿಗೆ ಚಿಂದಿ ತುರುಕಿ, ಮೇಲೆ ಸಿಮೆಂಟು ಮೆತ್ತಿದವನೂ ನಾನೇ. ಕಾಕಾ ಯಾರ ಬೆನ್ನು ಬಗ್ಗಬಾರದೆಂದು ನೆಲ ಹಾಸಿದ್ದನೋ ಅವಳಿಗೆ ಆ ತೂತು ಇದೆಯೆಂಬುದೇ ಗೊತ್ತಿರಲಿಲ್ಲ.

ಮಧ್ಯಾಹ್ನದವರೆಗೆ ಪುಸ್ತಕ ಇಳಿಸಿದೆ. ಕಪಾಟನ್ನು ಎದುರಿನ ಗೋಡೆಗೆ ದೂಡಿದೆ. ಉಳಿಯಿಂದ ಸಿಮೆಂಟು ಒಡೆದು, ಚಿಂದಿ ಎಳೆದು ತೆಗೆದೆ. ಆ ಕಡೆಯಿಂದ ಹಿತ್ತಲ ಬೆಳಕು ಒಂದು ರೂಪಾಯಿಯಷ್ಟು ಒಳಗೆ ಬಿತ್ತು. ಮತ್ತೆ ಒಂದು ಕೊಡ ತಂದು ಸುರುವಿದೆ. ಸುನಂದಾ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದಳು. ನೀರು ಪಡಸಾಲೆ ದಾಟಿ, ಮೂಲೆಗೆ ಹೋಗಿ, ಯಾರನ್ನೂ ಕೇಳದೆ ಹೊರಗೆ ಹೋಯಿತು. ಹಿತ್ತಲಲ್ಲಿ ಲಿಂಬೆಗಿಡದ ಬುಡಕ್ಕೆ ಅದು ಬಿದ್ದ ಸಪ್ಪಳ ಕೇಳಿಸಿತು.

"ಇದು ಮೊದಲಿಂದ ಹಿಂಗ ಹೋಗತಿತ್ತೇನ್ರಿ?" ಎಂದಳು.

"ಹೌದು," ಎಂದೆ. "ನಾನ ಮುಚ್ಚಿದ್ದೆ."

ಅವಳು ಬಹಳ ಹೊತ್ತು ಆ ಮೂಲೆಯನ್ನೇ ನೋಡುತ್ತ ನಿಂತಳು. ಬೈಯುತ್ತಾಳೆ ಎಂದುಕೊಂಡೆ; ಬೈದಿದ್ದರೆ ಹಗುರಾಗುತ್ತಿತ್ತು. ಸೋಮವಾರ ಬರುವವನಿಗೆ ಏನು ಹೇಳಬೇಕೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಕೈಯ ಹಿಟ್ಟು ಕೊಡವಿ ಒಳಗೆ ತಿರುಗಿದಳು.

"ಹಂಗಾರ ಇನ್ನೊಂದು ಕೊಡಾ ಹಾಕ್ರಿ," ಎಂದಳು. "ನಡುಮನಿ ಇನ್ನೂ ತೊಳೀಲಾರದ ಹಂಗ ಐತಿ."